ಎಮ್ಮೆಯ ಹಾಯಿ

ದೋಣಿ ಕ್ಲಬ್ಬಿನಲ್ಲಿ ಅವನನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಕಸುಬಿಗೆ ಅರ್ಧ, ನಾಲಿಗೆಗೆ ಅರ್ಧ. ಹಾಯಿ ಹೊಲಿಯುವುದು ಅವನ ಕೆಲಸ. ಆ ಸರೋವರದಲ್ಲಿ ಓಡಾಡುವ ಮೂವತ್ತು ಚಿಲ್ಲರೆ ಹಾಯಿದೋಣಿಗಳಲ್ಲಿ ಅವನ ಹೊಲಿಗೆ ಬೀಳದ ದೋಣಿ ಒಂದೂ ಇರಲಿಲ್ಲ. ಕೆಲಸದಲ್ಲಿ ಎತ್ತಿದ ಕೈ. ಸ್ವಭಾವದಲ್ಲಿ ಮಾತ್ರ ಒಂದು ಐಬಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ: ಷಡ್ಡಕನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದರೆ ದ್ವೇಷವಲ್ಲ. ದ್ವೇಷವಾಗಿದ್ದರೆ ನಾಲ್ಕು ಮಾತು ಬೈದು ಬಾಗಿಲು ಹಾಕಿಕೊಳ್ಳಬಹುದಿತ್ತು. ಇದು ಹೊಟ್ಟೆಕಿಚ್ಚು. ಎದುರಿಗೆ ಕೂರಿಸಿಕೊಂಡು ಟೀ ಕೊಟ್ಟು, ನಗುನಗುತ್ತಾ ಮಾತಾಡಿ, ಒಳಗೊಳಗೇ ಬೇಯುವ ಜಾತಿಯದು.

ಷಡ್ಡಕ ಎಂದರೆ ಅವನ ಹೆಂಡತಿಯ ತಂಗಿಯ ಗಂಡ. ಹಲ್ಲಿನ ಡಾಕ್ಟರು. ಎತ್ತರದ ಆಳು, ಸದಾ ನಗುಮುಖ, ಯಾರ ಮೇಲೂ ಸಿಟ್ಟಿಲ್ಲ. ಅಂಥವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎನ್ನುವುದು ಪಟ್ಟವರಿಗೇ ಗೊತ್ತು. ಹಿಡಿದು ಜಗಳಾಡೋಣ ಎಂದರೆ ಒಂದು ತಪ್ಪೂ ಸಿಕ್ಕುವುದಿಲ್ಲ.

ಸೂಜಿಯ ಕೆಲಸದ ಕೋಣೆ ಕ್ಲಬ್ಬಿನ ಹಿಂದಿನ ಬೀದಿಯಲ್ಲಿತ್ತು. ಉದ್ದಕ್ಕೂ ಹಲಗೆ ಹಾಸಿದ, ನುಣ್ಣಗೆ ಸವೆದ ನೆಲ. ನಡುವೆ ಸೊಂಟದಾಳದ ಒಂದು ಗುಂಡಿ. ಗುಂಡಿಯೊಳಗೆ ಹೊಲಿಗೆ ಯಂತ್ರ, ಅದರ ಮೇಜು ನೆಲದ ಮಟ್ಟಕ್ಕೆ ಸರಿಯಾಗಿ. ಹಾಯಿಯ ಬಟ್ಟೆ ಎಷ್ಟು ದೊಡ್ಡದಿದ್ದರೂ ನೆಲದ ಮೇಲೆ ಜಾರಿಕೊಂಡು ಬಂದು ಯಂತ್ರದ ಸೂಜಿಯ ಕೆಳಗೆ ಹೋಗಬೇಕಲ್ಲ, ಅದಕ್ಕೆ. ಬಾಗಿಲಲ್ಲಿ ನಿಂತವರಿಗೆ ಅವನ ತಲೆ ಮತ್ತು ಭುಜ ಮಾತ್ರ ಕಾಣುತ್ತಿದ್ದವು. ಹೆಂಡತಿ ಬರಿಗಾಲಲ್ಲಿ ಬಟ್ಟೆಯ ಸುತ್ತ ಓಡಾಡುತ್ತಾ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದಳು. ಮದುವೆಯಾದ ವರ್ಷದಿಂದ ಇಪ್ಪತ್ತೆರಡು ವರ್ಷ ಇಬ್ಬರೂ ಹೀಗೆಯೇ ದುಡಿದಿದ್ದರು, ಅವಳು ಮೇಲೆ, ಅವನು ಕೆಳಗೆ.

ಮೊದಲ ಹದಿನಾಲ್ಕು ವರ್ಷ ಅವರ ಹತ್ತಿರ ಒಂದು ಹಳೆಯ ಕಟಮರಾನ್ ಇತ್ತು. ಎರಡು ದಪ್ಪನೆಯ ಒಡಲು, ನಡುವೆ ಕೂರಲು ಬಿಗಿದು ಕಟ್ಟಿದ ಗಟ್ಟಿ ಬಟ್ಟೆ, ಒಂದು ಕಂಬ, ಒಂದು ಹಾಯಿ, ಇಷ್ಟೇ. ಕಲ್ಲಿಗೆ ಹೊಡೆದರೂ ಏನೂ ಆಗದು. ದಡದ ಮೇಲೆ ದರದರನೆ ಎಳೆದು ಹಾಕಿದರೂ ಆಗದು. ಹೆಂಡತಿ ಅದಕ್ಕೆ ಎಮ್ಮೆ ಎಂದು ಹೆಸರಿಟ್ಟಿದ್ದಳು. ಭಾನುವಾರ ಬಂತೆಂದರೆ ಇಬ್ಬರೂ ಎಮ್ಮೆಯ ಮೇಲೆ ಕಾಲು ಚಾಚಿ ಕೂತು ಆಚೆ ದಡಕ್ಕೆ ಹೋಗಿ ಬರುತ್ತಿದ್ದರು. ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಎಂಟು ವರ್ಷದ ಹಿಂದೆ ಒಂದು ಭಾನುವಾರ ಬೆಳಗ್ಗೆ ಬಿಳಿಯ, ಸಪೂರದ ದೋಣಿಯೊಂದು ಎಮ್ಮೆಯ ಪಕ್ಕದಲ್ಲಿ ಸರ್ರನೆ ಹಾದುಹೋಯಿತು. ಅದರ ಮೇಲೆ ಷಡ್ಡಕ. "ಅಣ್ಣಾ, ಹೆಂಗಿದೆ?" ಎಂದು ಕೈಬೀಸಿದ. ಪಾಪ, ಅವನು ಕೇಳಿದ್ದು ನಿಜವಾಗಿಯೂ ಅಭಿಪ್ರಾಯವನ್ನೇ. ಸೂಜಿಯ ಕಿವಿಗೆ ಅದು ಬೇರೆ ಥರ ಬಿತ್ತು. ಅವತ್ತು ಹತ್ತಿದ ಉರಿ ಆರಲಿಲ್ಲ. ತಿಂಗಳೊಳಗೆ ಎಮ್ಮೆ ಕ್ಲಬ್ಬಿನ ಶೆಡ್ಡಿನ ಹಿಂದಕ್ಕೆ ಹೋಯಿತು, ಅದರ ಜಾಗಕ್ಕೆ ಪಂದ್ಯದ ದೋಣಿ ಬಂತು. ತೆಳ್ಳನೆಯ ಒಡಲು, ಕಾರ್ಬನ್ ಕಂಬ, ಮುಟ್ಟಿದರೆ ಮುನಿಯುವಂಥದು. ಜೋರು ಗಾಳಿಯಲ್ಲಿ ಒಬ್ಬರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ತಂತಿಗೆ ಜೋತುಬಿದ್ದು, ದೋಣಿಯ ಹೊರಗೆ ನಿಲ್ಲಬೇಕು. ಆ ಒಬ್ಬರು ಹೆಂಡತಿ. ಚುಕ್ಕಾಣಿ ಅವನ ಕೈಯಲ್ಲಿ. ಅವನ ಬಾಯಿ ಮಾತ್ರ ಯಾರ ಕೈಯಲ್ಲೂ ಇರುತ್ತಿರಲಿಲ್ಲ. "ಒಳಗೆ ಬಾ! ಹೊರಗೆ ಹೋಗು! ಹಗ್ಗ ಎಳಿ ಅಂದ್ರೆ ಎಳೀಬೇಕು! ಕಿವಿ ಕೇಳಿಸಲ್ವಾ?" ದಡದಲ್ಲಿದ್ದವರಿಗೆಲ್ಲ ಕೇಳಿಸುತ್ತಿತ್ತು.

ಮೂರನೆಯ ವರ್ಷ ಒಂದು ದಿನ ಅವಳು ದಡಕ್ಕೆ ಬಂದವಳೇ ಸೊಂಟದ ಪಟ್ಟಿ ಬಿಚ್ಚಿ, ಶೆಡ್ಡಿನ ಮೊಳೆಗೆ ತಗುಲಿಹಾಕಿ, ಮನೆಗೆ ನಡೆದಳು. ಅಲ್ಲಿಂದಾಚೆಗೆ ನೀರಿಗೆ ಇಳಿಯಲಿಲ್ಲ. ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಎಂದಿನಂತೆ ಪೆನ್ಸಿಲ್ ಹಿಡಿದು ಬಟ್ಟೆಯ ಮೇಲೆ ಓಡಾಡಿದಳು. ಭಾನುವಾರ ಮಾತ್ರ ತಲೆನೋವು, ಬಟ್ಟೆ ಒಗೆಯುವುದು, ಏನಾದರೊಂದು. ಅವಳ ಜಾಗಕ್ಕೆ ಅಂಚೆಯವನು ಬಂದ, ಬೈದರೆ ಬೈಸಿಕೊಳ್ಳುವ ಮೌನಿ. ಸೂಜಿ ಪ್ರತಿವರ್ಷದ ದೊಡ್ಡ ಪಂದ್ಯದಲ್ಲೂ ಎರಡನೆಯವನಾಗಿ ಬಂದ. ಮೊದಲನೆಯವನು ಯಾರೆಂದು ಬೇರೆ ಹೇಳಬೇಕಿಲ್ಲ.

ಹೆಂಡತಿ ಮತ್ತೆ ತನ್ನ ಜೊತೆ ದೋಣಿ ಹತ್ತಬೇಕು, ಅವನಿಗೆ ಬೇಕಿದ್ದದ್ದು ಇದೊಂದೇ. ಇದನ್ನು ಬಾಯಿಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿತ್ತೋ ಏನೋ. ಕೇಳಲಿಲ್ಲ. ಒಂದು ಸಲ ಷಡ್ಡಕನನ್ನು ಸೋಲಿಸಿಬಿಟ್ಟರೆ ಅವಳು ತಾನಾಗಿ ಬರುತ್ತಾಳೆ ಎಂದು ಲೆಕ್ಕ ಹಾಕಿಕೊಂಡಿದ್ದ. ಆ ಲೆಕ್ಕ ಎಲ್ಲಿಂದ ಬಂತು ಎಂದು ಅವನನ್ನು ಕೇಳಬೇಡಿ. ಹೊಟ್ಟೆ ಉರಿಯುವಾಗ ತಲೆ ಹಾಕುವ ಲೆಕ್ಕಗಳೆಲ್ಲ ಹೀಗೆಯೇ.

ಈ ವರ್ಷದ ಪಂದ್ಯಕ್ಕೆ ಎರಡು ತಿಂಗಳಿದೆ ಎನ್ನುವಾಗ ಡಾಕ್ಟರು ಒಂದು ಸಂಜೆ ಕೆಲಸದ ಕೋಣೆಗೆ ಬಂದ. ಚಪ್ಪಲಿ ಬಿಟ್ಟು, ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ.

"ಅಣ್ಣ, ದೋಣಿ ಕೊಟ್ಟುಬಿಟ್ಟೆ."

ಯಂತ್ರ ನಿಂತಿತು. "ಕೊಟ್ಟುಬಿಟ್ಟೆ ಅಂದ್ರೆ?"

"ಮಾರಿಬಿಟ್ಟೆ. ಗೆದ್ದು ಗೆದ್ದು ಬೇಜಾರಾಗಿಹೋಯ್ತು ಅಣ್ಣ. ಅದನ್ನ ಕಾಯೋದೇ ಒಂದು ಕೆಲಸ. ಎಲ್ಲಿ ತಾಗುತ್ತೋ, ಎಲ್ಲಿ ಬಿರುಕು ಬಿಡುತ್ತೋ. ಸುಮ್ನೆ ಮಜಾಕ್ಕೆ ಅಂತ ನೀರಿಗೆ ಹೋಗಿ ಎಷ್ಟು ವರ್ಷ ಆಯ್ತು ಗೊತ್ತಾ? ನಿಮ್ಮ ಹಳೇ ಎಮ್ಮೆ ಶೆಡ್ಡಿನ ಹಿಂದೆ ಬಿದ್ದಿದೆಯಲ್ಲ, ಅದನ್ನ ನಮಗೆ ಕೊಡ್ತೀರಾ?"

ಗೆದ್ದು ಗೆದ್ದು ಬೇಜಾರು! ಇವನು ಒಂದು ಗೆಲುವಿಗಾಗಿ ಎಂಟು ವರ್ಷ ನಿದ್ದೆಗೆಟ್ಟಿದ್ದಾನೆ. ಅವನಿಗೆ ಅದು ಉಂಡು ಮಿಕ್ಕಿದ ಪದಾರ್ಥ. ಅಷ್ಟರಲ್ಲಿ ಬಟ್ಟೆಯ ಆ ತುದಿಯಿಂದ ಹೆಂಡತಿಯೇ ಹೇಳಿದಳು, "ತಗೊಂಡ್ಹೋಗಿ. ಅಲ್ಲಿ ಸುಮ್ನೆ ಕೊಳೀತಾ ಇದೆ."

ಅವಳ ಮುಖದಲ್ಲಿ ಅಷ್ಟು ಬೆಳಕು ಕಂಡು ಅವನಿಗೆ ಬಹಳ ದಿನವಾಗಿತ್ತು. ಅದು ಕಂಡದ್ದು ಯಾರ ಮಾತಿಗೆ ಎನ್ನುವುದೂ ಅವನಿಗೆ ಅಷ್ಟೇ ಸ್ಪಷ್ಟವಾಗಿ ಕಂಡಿತು.

ವಾರ ಕಳೆದು ಡಾಕ್ಟರು ಎಮ್ಮೆಯ ಹಳೆಯ ಹಾಯಿಯನ್ನು ಹೆಗಲ ಮೇಲೆ ಹೊತ್ತು ತಂದ. ಹೊಲಿಗೆ ಅಲ್ಲಲ್ಲಿ ಬಿಟ್ಟಿತ್ತು, ಬಟ್ಟೆ ಎಳೆದಾಡಿ ಜೋಲುಬಿದ್ದಿತ್ತು. "ಇದು ನೀವೇ ಮಾಡ್ಬೇಕು ಅಣ್ಣ, ಬೇರೆಯವರ ಕೈಗೆ ಕೊಡಲ್ಲ," ಎಂದು ಹೋದ.

ಇಲ್ಲಿ ಹಾಯಿಯ ಗುಟ್ಟೊಂದನ್ನು ಹೇಳಬೇಕು. ಹಾಯಿ ಎಂದರೆ ಒಂದೇ ಬಟ್ಟೆಯಲ್ಲ, ಉದ್ದುದ್ದ ಪಟ್ಟಿಗಳನ್ನು ಕೂಡಿಸಿ ಹೊಲಿದದ್ದು. ಪ್ರತಿ ಪಟ್ಟಿಯ ಅಂಚನ್ನೂ ಕಣ್ಣಿಗೆ ಕಾಣದಷ್ಟು ಬಾಗಿಸಿ ಕತ್ತರಿಸುತ್ತಾರೆ. ಬಾಗಿದ ಅಂಚುಗಳನ್ನು ಸೇರಿಸಿ ಹೊಲಿದಾಗ ಹಾಯಿಗೆ ಒಂದು ಉಬ್ಬು ಬರುತ್ತದೆ. ದೋಣಿಯ ವೇಗವೆಲ್ಲ ಆ ಉಬ್ಬಿನಲ್ಲಿದೆ. ಜೋಲುಬಿದ್ದ ಹಾಯಿಯಲ್ಲಿ ಅದು ಅತಿಯಾಗಿರುತ್ತದೆ, ಅದನ್ನು ತಕ್ಕಷ್ಟು ತಗ್ಗಿಸುವುದೇ ರಿಪೇರಿ. ಎಷ್ಟು ತಗ್ಗಿಸಬೇಕು, ಎಲ್ಲಿ ಉಳಿಸಬೇಕು ಎನ್ನುವುದು ಸೂಜಿಯ ಬೆರಳಿಗೆ ಗೊತ್ತಿತ್ತು.

ಹೆಂಡತಿ ಪೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ ಅವನು ಎಮ್ಮೆಯ ಹಾಯಿಯನ್ನು ನೆಲದ ಮೇಲೆ ಹರಡಿದ. ಹೊಲಿಗೆಗಳನ್ನೆಲ್ಲ ಬಿಚ್ಚಿದ. ಅವಳ ಪೆನ್ಸಿಲ್ಲು ಮುಟ್ಟಲಿಲ್ಲ. ಉದ್ದನೆಯ ಮರದ ಪಟ್ಟಿ ಇಟ್ಟು, ನೆಟ್ಟಗೆ ಗೀಟೆಳೆದು, ಗೀಟಿನ ಮೇಲೆ ನೆಟ್ಟಗೆ ಹೊಲಿದ. ಉಬ್ಬು ಒಂದಿಷ್ಟೂ ಉಳಿಯಲಿಲ್ಲ. ಹಾಯಿ ಕದದ ಹಲಗೆಯಂತೆ ಚಪ್ಪಟೆಯಾಯಿತು. ಹೊಲಿಗೆ ಮಾತ್ರ ನೋಡಿದವರು ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ಚೆಂದ. ಕಸುಬಿನ ಮೇಲೆ ಅಷ್ಟು ಅಭಿಮಾನವಿದ್ದ ಮನುಷ್ಯ ತನ್ನ ಕೈಯಾರೆ ಕೆಟ್ಟ ಹಾಯಿ ಹೊಲಿದದ್ದು ಜೀವಮಾನದಲ್ಲಿ ಅದೊಂದೇ ಸಲ. ಹೊಲಿಯುವಾಗ ಸಿಳ್ಳೆ ಹಾಕುತ್ತಿದ್ದ. ಎಮ್ಮೆ ನೀರಿನ ನಡುವೆ ಮಲಗಿಬಿಡಬೇಕು, ಷಡ್ಡಕನಿಗೆ ನಾಚಿಕೆಯಾಗಬೇಕು, ಎರಡು ವಾರದಲ್ಲಿ ಮಜಾ ಎಲ್ಲ ಇಳಿದುಹೋಗಬೇಕು, ಇದು ಅವನ ಆಸೆ.

ಮೊದಲ ಭಾನುವಾರ ಎಲ್ಲ ಅಂದುಕೊಂಡ ಹಾಗೆಯೇ ಆಯಿತು. ಸಣ್ಣ ಗಾಳಿ. ಉಳಿದ ದೋಣಿಗಳೆಲ್ಲ ಓಡಾಡುತ್ತಿದ್ದರೆ ಎಮ್ಮೆ ದಡದಿಂದ ಕೂಗಳತೆಯಲ್ಲಿ ನಿಂತುಬಿಟ್ಟಿತು. ಡಾಕ್ಟರೂ ಸೂಜಿಯ ನಾದಿನಿಯೂ ಏನು ಮಾಡಿದರು ಗೊತ್ತೇ? ಬುತ್ತಿ ಬಿಚ್ಚಿ ತಿಂದರು. ಆಮೇಲೆ ನೀರಿಗೆ ಹಾರಿ ಎಮ್ಮೆಯ ಸುತ್ತ ಈಜಿದರು. ಸಂಜೆ ಎಮ್ಮೆಯನ್ನು ಈಜಿಕೊಂಡೇ ದಡಕ್ಕೆ ತಳ್ಳಿಕೊಂಡು ಬಂದು, "ಎಂಥ ಮಜಾ ಬಂತು ಅಂತೀರಿ!" ಎಂದರು. ದೋಣಿ ಹೋಗದಿದ್ದರೂ ಖುಷಿಪಡುವ ಜನರನ್ನು ಹೇಗೆ ಸೋಲಿಸುವುದು? ಸೂಜಿಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಎರಡನೆಯ ಭಾನುವಾರ ಮನೆಯಲ್ಲಿ ತಲೆನೋವೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ಹೆಂಡತಿ ಬೆಳಗ್ಗೆಯೇ ಹಳೆಯ ಟೋಪಿ ಹುಡುಕುತ್ತಿದ್ದಳು. "ತಂಗಿ ಕರೆದಿದ್ದಾಳೆ. ಸುಮ್ನೆ ಹೋಗಿ ಕೂತು ಬರ್ತೀನಿ," ಎಂದಳು.

ಅವನು ಏನು ಹೇಳಬೇಕಿತ್ತು? "ಹುಷಾರು," ಎಂದ. ಐದು ವರ್ಷ ನೀರಿಗಿಳಿಯದವಳು ಇಳಿದಳು. ಇಳಿದದ್ದು ಷಡ್ಡಕನ ಜೊತೆ, ಸೂಜಿ ತಾನೇ ಬಿಸಾಕಿದ ದೋಣಿಯಲ್ಲಿ, ತಾನೇ ಕೆಡಿಸಿದ ಹಾಯಿಯ ಕೆಳಗೆ. ಆ ದಿನ ಪಂದ್ಯದ ದೋಣಿಯಲ್ಲಿ ಅಂಚೆಯವನು ಕೇಳಿಸಿಕೊಂಡ ಬೈಗುಳ ಬೇರೆ ಯಾರಾದರೂ ಕೇಳಿಸಿಕೊಂಡಿದ್ದರೆ ಕೆಲಸ ಬಿಟ್ಟು ಹೋಗುತ್ತಿದ್ದರು. ಮೂರನೆಯ ಭಾನುವಾರ ದೂರದಿಂದ ನೋಡಿದರೆ ಎಮ್ಮೆಯ ಚುಕ್ಕಾಣಿ ಹಿಡಿದವಳು ಹೆಂಡತಿ. ಡಾಕ್ಟರು ಬಟ್ಟೆಯ ಮೇಲೆ ಅಂಗಾತ ಮಲಗಿ ಮುಖಕ್ಕೆ ಟೋಪಿ ಮುಚ್ಚಿಕೊಂಡಿದ್ದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಸೂಜಿ ಅವಳ ಕೈಗೆ ಚುಕ್ಕಾಣಿ ಕೊಟ್ಟಿರಲೇ ಇಲ್ಲ. ಅವಳು ಕೇಳಿರಲೂ ಇಲ್ಲ. ಅಥವಾ ಕೇಳಿದ್ದಳೋ? ನೆನಪಾಗಲಿಲ್ಲ.

ಪಂದ್ಯದ ದಿನ ಬೆಳಗಿನಿಂದಲೇ ಗಾಳಿ ರಾಚುತ್ತಿತ್ತು. ಹೊರಟ ಹನ್ನೊಂದು ದೋಣಿಗಳಲ್ಲಿ ಆರು ಮಗುಚಿದವು, ಮೂರು ಹಿಂದಿರುಗಿದವು. ಸೂಜಿ ಹಲ್ಲು ಕಚ್ಚಿಕೊಂಡು ಓಡಿಸಿದ, ಅಂಚೆಯವನು ತಂತಿಗೆ ಜೋತುಬಿದ್ದು ಜೀವ ಕೈಯಲ್ಲಿ ಹಿಡಿದಿದ್ದ. ಕೊನೆಯ ಗುರುತನ್ನು ದಾಟಿದಾಗ ಮುಂದೆ ಯಾರೂ ಇರಲಿಲ್ಲ. ಗೆದ್ದಿದ್ದ! ದಡಕ್ಕೆ ಬಂದು ಹಾಯಿ ಇಳಿಸಿ ಸುತ್ತ ನೋಡಿದ. ಜನವೆಲ್ಲ ಬೆನ್ನು ತಿರುಗಿಸಿ ಕಟ್ಟೆಯ ಆ ತುದಿಯಲ್ಲಿ ಗುಂಪುಗೂಡಿದ್ದರು. ಚಪ್ಪಾಳೆ ಕೇಳಿಸುತ್ತಿತ್ತು, ಇವನಿಗಲ್ಲ.

ಆ ರಾಚುವ ಗಾಳಿಯಲ್ಲಿ ಎಮ್ಮೆ ನೆಟ್ಟಗೆ, ಗಂಭೀರವಾಗಿ ಆಚೆಯಿಂದ ಈಚೆಗೆ ಬರುತ್ತಿತ್ತು. ಪಂದ್ಯಕ್ಕಲ್ಲ, ಮಗುಚಿದವರನ್ನು ಹತ್ತಿಸಿಕೊಂಡು ತರಲು. ಉಬ್ಬಿಲ್ಲದ ಹಾಯಿ ಜೋರು ಗಾಳಿಗೆ ಜಗ್ಗುವುದಿಲ್ಲ, ದೋಣಿಯನ್ನು ಎತ್ತಿ ಹಾಕುವುದಿಲ್ಲ. ಗಾಳಿಯಲ್ಲಿ ಬೇಕಾದಷ್ಟನ್ನೇ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಕೊಡುತ್ತದೆ. ಇದು ಕಸುಬಿನವನಾಗಿ ಅವನಿಗೆ ಗೊತ್ತಿರಬೇಕಾದ ವಿಷಯ. ಗೊತ್ತಿತ್ತು ಕೂಡ. ಉರಿಯಲ್ಲಿ ಮರೆತಿದ್ದ. ಎಮ್ಮೆಯ ಮೇಲೆ ಒದ್ದೆ ಮುದ್ದೆಯಾದ ನಾಲ್ಕು ಜನ, ಅವರ ನಡುವೆ ಡಾಕ್ಟರು, ನಾದಿನಿ, ಹಿಂದೆ ಚುಕ್ಕಾಣಿ ಹಿಡಿದು ಕಣ್ಣು ಕಿರಿದು ಮಾಡಿ ಗಾಳಿಯನ್ನು ನೋಡುತ್ತಿದ್ದ ಹೆಂಡತಿ. ಯಾರೋ ಏನೋ ಅಂದರು, ಅವಳು ಬಾಯ್ತುಂಬ ನಕ್ಕಳು. ಗೆದ್ದವನು ನಿಂತಲ್ಲೇ ನಿಂತು ಅದನ್ನು ನೋಡಿದ. ಅವನ ಜೀವನದಲ್ಲಿ ಅಷ್ಟು ಹೊಟ್ಟೆ ಉರಿದದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ದಡಕ್ಕೆ ಹಾರಿದ ಡಾಕ್ಟರು ನೇರವಾಗಿ ಬಂದು ಅವನನ್ನು ತಬ್ಬಿಕೊಂಡ. "ನೋಡಿ, ಈ ಹಾಯಿ ಹೊಲಿದವರು ನಮ್ಮಣ್ಣ! ಪಂದ್ಯದ ಹಾಯಿ ಥರ ಅಲ್ಲ. ಅತ್ತಿಗೆಗೆ ಹೆದರಿಕೆ ಆಗ್ಬಾರ್ದು ಅಂತ ಯೋಚನೆ ಮಾಡಿ ಹೊಲಿದಿದ್ದಾರೆ. ಬಾಯಿಬಿಟ್ಟು ಒಂದು ಮಾತು ಹೇಳಿಲ್ಲ ನೋಡಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ಸೂಜಿ ಹುಳ್ಳಗೆ ನಕ್ಕ. ಹೆಂಡತಿ ಹಗ್ಗ ಸುತ್ತುತ್ತಾ ನಿಂತಿದ್ದಳು, ತಲೆ ಎತ್ತಲಿಲ್ಲ.

ಮುಂದಿನ ಬುಧವಾರ ಅವಳು ಪೆನ್ಸಿಲ್ಲನ್ನು ಕಿವಿಯ ಮೇಲಿಂದ ತೆಗೆದು ಕಿಟಕಿಯಲ್ಲಿಟ್ಟಳು. "ಡಾಕ್ಟರು ಇವತ್ತು ಹಲ್ಲು ಕೀಳೋದ್ರಲ್ಲಿ ಇರ್ತಾರೆ. ಎಮ್ಮೆ ಖಾಲಿ. ಬರ್ತೀರಾ?"

ಅವನು ಗುಂಡಿಯಿಂದ ಹತ್ತಿ ಬಂದ ರಭಸಕ್ಕೆ ದಾರದ ಉಂಡೆ ಉರುಳಿತು. ಐದು ವರ್ಷ ಕಾದದ್ದು ಇದಕ್ಕೇ.

"ಬರ್ತೀನಿ. ನಾನು ಚುಕ್ಕಾಣಿ..."

"ನಾನು ಹಿಡೀತೀನಿ. ನೀವು ಮುಂದೆ ಕೂತ್ಕೊಳ್ಳಿ."

ಕೂತ. ಸರೋವರದ ನಡುವಿಗೆ ಬರುವಷ್ಟರಲ್ಲಿ ಇದ್ದ ಗಾಳಿಯೂ ಸಣ್ಣಗಾಯಿತು. ದೂರದಲ್ಲಿ ಉಳಿದ ದೋಣಿಗಳು ಅಷ್ಟಿಷ್ಟು ಜರುಗುತ್ತಿದ್ದವು. ಎಮ್ಮೆ ಮಾತ್ರ ನಿಂತಿತು. ಉಬ್ಬಿದ್ದಿದ್ದರೆ ಈ ಗಾಳಿ ಸಾಕಿತ್ತು. ಹೊಲಿದವನಿಗೆ ಇದನ್ನು ಬೇರೆ ಯಾರೂ ಹೇಳಬೇಕಿರಲಿಲ್ಲ. ಅವನು ನೀರು ನೋಡುತ್ತಾ ಕೂತ.

"ಮೇಲೆ ನೋಡಿ," ಎಂದಳು ಅವಳು.

ಬಿಸಿಲು ಹಾಯಿಯ ಆ ಕಡೆಯಿಂದ ಬೀಳುತ್ತಿತ್ತು. ಅವನ ಅಂದದ ನೇರ ಹೊಲಿಗೆಯ ಪಕ್ಕದಲ್ಲಿ ಹಳೆಯ ಹೊಲಿಗೆಯ ರಂಧ್ರಗಳು ಬಾಗಿದ ಸಾಲಾಗಿ ಬೆಳಗುತ್ತಿದ್ದವು. ಹಾಯಿಯ ಬಟ್ಟೆಯಲ್ಲಿ ಒಮ್ಮೆ ಬಿದ್ದ ಸೂಜಿಯ ತೂತು ಮುಚ್ಚುವುದಿಲ್ಲ.

"ಮೊದಲನೇ ದಿನಾನೇ ನೋಡ್ದೆ. ಉಬ್ಬೆಲ್ಲ ತೆಗೆದುಬಿಟ್ಟಿದ್ದೀರಿ. ಯಾಕೆ ಅಂತಾನೂ ಗೊತ್ತಾಯ್ತು. ಡಾಕ್ಟರಿಗೆ ಹೇಳೋಣ ಅಂದ್ಕೊಂಡೆ. ಆಮೇಲೆ ಇದರ ಕೆಳಗೆ ಕೂತು ನೋಡ್ದೆ. ಭಯ ಆಗ್ಲಿಲ್ಲ. ಅದಕ್ಕೆ ಸುಮ್ಮನಾದೆ."

ಸುಳ್ಳೊಂದು ಅವನ ನಾಲಿಗೆಯ ತುದಿಗೆ ಬಂತು, ಅದನ್ನು ನುಂಗಿದ. "ಅವನು ಎಮ್ಮೆ ಕೇಳಿದಾಗ ನಿನ್ನ ಮುಖ ಅರಳಿದ್ದು ನನ್ನ ಕೈಲಿ ನೋಡೋಕಾಗ್ಲಿಲ್ಲ ಕಣೇ," ಎಂದ. "ನನ್ನ ದೋಣೀಲಿ ನೀನು ಹಂಗೆ ನಕ್ಕೇ ಇಲ್ಲ."

"ನಿಮ್ಮ ದೋಣೀನಾ?" ಅವಳು ಚುಕ್ಕಾಣಿಯಿಂದ ಕೈ ತೆಗೆದಳು. ಹಿಡಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. "ಅದರ ಮೇಲೆ ನನಗೆಷ್ಟು ಹೊಟ್ಟೆಕಿಚ್ಚು ಗೊತ್ತಾ ನಿಮಗೆ? ಮಗುಚ್ತಿದ್ದದ್ದು ಅದು. ಬೈಸ್ಕೊಳ್ತಿದ್ದದ್ದು ನಾನು. ದಡಕ್ಕೆ ಬಂದ್ಮೇಲೆ ಎಲ್ಲಿ ತರಚಿದೆ ಅಂತ ಅದರ ಮೈಯೆಲ್ಲಾ ಕೈಯಾಡಿಸಿ ನೋಡ್ತಿದ್ರಿ. ಬಿಟ್ಟು ಹೋದ ದಿನ ನನ್ನ ಮೊಣಕಾಲಿಂದ ರಕ್ತ ಸುರೀತಿತ್ತು. ಮನೇತನಕ ಹಂಗೇ ನಡ್ಕೊಂಡು ಹೋದೆ. ಇವತ್ತಿನವರೆಗೂ ನೀವು ಕೇಳಿಲ್ಲ."

ಅವನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಎಡ ಒಡಲಿನ ಕೆಳಗೆ ಗೇಣುದ್ದದ ಗೀರು ಬಿದ್ದಿತ್ತು, ಅದನ್ನು ತುಂಬಿಸಿ ಉಜ್ಜಿ ನುಣ್ಣಗೆ ಮಾಡಲು ಮೂರು ದಿನ ಹಿಡಿದಿತ್ತು. ರಕ್ತ ನೆನಪಿರಲಿಲ್ಲ. ಐದು ವರ್ಷ ಒಂದೇ ನೆಲದ ಮೇಲೆ, ಅವನ ಕಣ್ಣಿನ ಮಟ್ಟದಲ್ಲಿ ಅವಳು ಬರಿಗಾಲಲ್ಲಿ ಓಡಾಡಿದ್ದಳು.

ಅವನು ಎಮ್ಮೆಯ ಬಟ್ಟೆಯ ಮೇಲೆ ಮಂಡಿಯೂರಿ ಹಿಂದಕ್ಕೆ ಸರಿದು ಅವಳ ಎದುರು ಕೂತ.

"ಯಾವ ಕಾಲು?" ಎಂದ.